ಎಳೆಯ ಕಲ್ಲಿದ್ದಲಿನ ಘಟಕಗಳು: ಒಂದು ನಾಮಕರಣ ವಿಚಾರ

ಕಲ್ಲಿದ್ದಲು ಒಂದೇ ದ್ರವ್ಯವೆಂಬುದು ಲೋಕರೂಢಿ. ಆದರೆ ಅದರ ತುಣುಕೊಂದನ್ನು ನುಣುಪಾಗಿ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಮೇಲಿನಿಂದ ಬೆಳಕು ಬೀಳಿಸಿ ನೋಡಿದರೆ ಮರದ ಊತಕ, ಎಲೆಯ ಹೊರಪೊರೆ, ಬೀಜಾಣು, ರಾಳ, ಸುಟ್ಟ ಕೊರಡು ಇವು ಬೇರೆಬೇರೆಯಾಗಿಯೇ ತೋರುವುವು. ಇಂಥ ಘಟಕಗಳಿಗೆ ೧೯೩೫ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರವಿದುಷಿ ಮೇರಿ ಸ್ಟೋಪ್ಸ್ 'ಮೆಸೆರಲ್' ಎಂಬ ಸಂಜ್ಞೆಯನ್ನು ಕಲ್ಪಿಸಿದರು. ನೆನೆಸಿ ಮೆತ್ತಗಾಗಿಸುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ, 'ಮಿನರಲ್' ಶಬ್ದದ ಮಾದರಿಯಲ್ಲಿ ಹುಟ್ಟಿದ ಪದವಿದು. ಶಿಲೆಗೆ ಖನಿಜ ಹೇಗೋ ಇದ್ದಲಿಗೆ ಮೆಸೆರಲ್ ಹಾಗೆ. ಈ ಸಾದೃಶ್ಯವು ಪೂರ್ತಿಯಾಗಿ ಸಲ್ಲದು. ಖನಿಜಕ್ಕೆ ನಿಯತವಾದ ರಾಸಾಯನಿಕ ರಚನೆಯುಂಟು, ಮೆಸೆರಲ್ಲಿಗೆ ಇಲ್ಲ.

ಲಿಗ್ನೈಟ್ ಮೊದಲಾದ ಎಳೆಯ ಇದ್ದಲುಗಳ ಮೆಸೆರಲ್‌ಗಳನ್ನು ಮೂರು ಗಣಗಳಾಗಿ ವಿಂಗಡಿಸಿರುವರು. ಬೀಜಾಣು, ರಾಳ, ಎಲೆಯ ಪೊರೆ, ಬೆಂಡುತೊಗಟೆ ಇವುಗಳಿಂದಾದುದು ಲಿಪ್ಟಿನೈಟ್. ಇದು ಕಪ್ಪಾಗಿ ಕಾಣುವುದು. ಸುಟ್ಟೋ ಉತ್ಕರ್ಷಣಗೊಂಡೋ ಉಳಿದುದು ಇನರ್ಟಿನೈಟ್; ಇದು ಬಿಳುಪಾಗಿ ಹೊಳೆಯುವುದು. ಇವೆರಡರ ನಡುವಣ ಬೂದುಬಣ್ಣದ್ದು ಹ್ಯೂಮಿನೈಟ್. ತಮಿಳುನಾಡಿನ ನೈವೇಲಿ ಲಿಗ್ನೈಟಿನಲ್ಲಿಯೂ ಇದರದೇ ಪ್ರಾಬಲ್ಯ. ವಿಚಾರಕ್ಕೆ ಎಡೆಯಿರುವುದೂ ಇಲ್ಲಿಯೇ.

ಅಂತರರಾಷ್ಟ್ರೀಯ ಸಮಿತಿಯು ೨೦೦೫ರಲ್ಲಿ ಪ್ರಕಟಿಸಿದ ವ್ಯವಸ್ಥೆಯಂತೆ ಹ್ಯೂಮಿನೈಟಿನ ಬಳಿ ಎರಡು ಪ್ರಶ್ನೆಗಳನ್ನು ಕೇಳಬೇಕು. ಸಸ್ಯದ ಊತಕ ಉಳಿದಿದೆಯೆ, ಪುಡಿಯಾಗಿದೆಯೆ, ರೂಪವೇ ಅಳಿದಿದೆಯೆ ಎಂಬುದು ಮೊದಲನೆಯದು. ಲೋಳೆಗೊಂಡು ಗಟ್ಟಿಯಾದುದು ಎಷ್ಟು ಎಂಬುದು ಎರಡನೆಯದು. ಊತಕವುಳಿದೂ ಲೋಳೆಗೊಳ್ಳದುದು ಟೆಕ್ಸ್ಟಿನೈಟ್, ಲೋಳೆಗೊಂಡುದು ಉಲ್ಮಿನೈಟ್. ಪುಡಿಯಾಗಿ ಸಡಿಲವಾಗಿರುವುದು ಆಟ್ರಿನೈಟ್, ಒತ್ತಾದುದು ಡೆನ್ಸಿನೈಟ್. ಕೋಶಗಳ ಒಳತುಂಬಾಗಿ ಗುಂಡುಗುಂಡಾಗಿರುವುದು ಕಾರ್ಪೊಹ್ಯೂಮಿನೈಟ್; ಕೇವಲ ಲೋಳೆಯಾಗಿ ಹೆಪ್ಪುಗಟ್ಟಿದುದು ಜೆಲಿನೈಟ್. ಪ್ರಕೃತಿಯೊಂದು, ಪ್ರತ್ಯಯವೊಂದು ಎಂಬ ವೈಯಾಕರಣರ ಕ್ರಮಕ್ಕೆ ಇದು ದೂರವಲ್ಲ; ಹೆಸರೆಲ್ಲವೂ 'ಇನೈಟ್' ಎಂದೇ ಮುಗಿಯುವುದು.

ತೊಡಕಿರುವುದು ಬೇರೆಡೆ. ಭೂಮಿಯೊಳಗಣ ತಾಪದಿಂದ ಇದ್ದಲು ಬಲಿತಂತೆಲ್ಲ ಹ್ಯೂಮಿನೈಟ್ ಪ್ರತಿಫಲಿಸುವ ಬೆಳಕು ಹೆಚ್ಚುತ್ತ ಹೋಗಿ, ಶೇಕಡಾ ೦.೫ರ ಆಸುಪಾಸಿನಲ್ಲಿ ಅದಕ್ಕೇ ವಿಟ್ರಿನೈಟ್ ಎಂಬ ಹೆಸರು ಬರುವುದು. ಹಾಲು ಮೊಸರಾದಾಗ ಹೆಸರು ಬದಲಾಗುವುದು ಕಣ್ಣಿಗೆ ಕಂಡ ಭೇದದಿಂದ; ಇಲ್ಲಿ ಭೇದವನ್ನು ಗೆರೆಯಾಗಿ ಎಳೆದುದು ಅಳತೆಯ ಯಂತ್ರ. ಹ್ಯೂಮಿನೈಟಿನ ಮೂಲಶಬ್ದಕ್ಕೆ ಮಣ್ಣೆಂದೂ ವಿಟ್ರಿನೈಟಿನದಕ್ಕೆ ಗಾಜೆಂದೂ ಅರ್ಥ. ಇವನ್ನು 'ಮೃತ್ಸಾರ', 'ಕಾಚಕ' ಎಂದು ಭಾಷಾಂತರಿಸಿದರೆ ಒಂದೇ ಪದಾರ್ಥದ ಎರಡು ಅವಸ್ಥೆಗಳಿಗೆ ಸಂಬಂಧವೇ ಇಲ್ಲವೆಂದು ವಿದ್ಯಾರ್ಥಿಯು ಭ್ರಮಿಸುವನು; ಗಾಜಿನ ಅಂಶವನ್ನು ಇದ್ದಲಿನಲ್ಲಿ ಹುಡುಕಿದರೂ ಹುಡುಕಿಯಾನು! ಆದುದರಿಂದ ಗಣಗಳ ಹೆಸರನ್ನು ಮೂಲರೂಪದಲ್ಲಿ ಉಳಿಸಿ, ಲಕ್ಷಣವನ್ನು ಮಾತ್ರ ಕನ್ನಡದಲ್ಲಿ ಹೇಳುವುದು ಯುಕ್ತ: ಉಲ್ಮಿನೈಟ್ ಎಂದರೆ ಊತಕರಚನೆ ಉಳಿದು ಲೋಳೆಗೊಂಡ ಹ್ಯೂಮಿನೈಟ್.