ಉಣ್ಣದ, ಮಲಗದ ಚುಕ್ಕಾಣಿಗ

ಆಫ್ರಿಕಾದ ವಾಯವ್ಯ ಕರಾವಳಿಗೆ ಹತ್ತಿರದ ಕ್ಯಾನರಿ ದ್ವೀಪಗಳಿಂದ ಪ್ರತಿವರ್ಷ ಚಳಿಗಾಲ ಕಾಲಿಡುವ ಹೊತ್ತಿಗೆ ನೂರಾರು ಸಣ್ಣ ಹಾಯಿದೋಣಿಗಳು ಕೆರೀಬಿಯನ್ ಕಡೆಗೆ ಹೊರಡುತ್ತವೆ. ನಡುವೆ ಇರುವುದು ಅಟ್ಲಾಂಟಿಕ್ ಸಾಗರ. ದಾರಿ ಸುಮಾರು 2,700 ನಾಟಿಕಲ್ ಮೈಲಿ, ನಮ್ಮ ಲೆಕ್ಕದಲ್ಲಿ 5,000 ಕಿಲೋಮೀಟರ್. ದೋಣಿಯ ಉದ್ದ ಒಂದು ಬಸ್ಸಿನಷ್ಟು. ಎಷ್ಟೋ ದೋಣಿಗಳಲ್ಲಿ ಇರುವವರು ಇಬ್ಬರೇ, ಗಂಡ ಮತ್ತು ಹೆಂಡತಿ. ವೇಗವೋ, ಗಂಟೆಗೆ ಐದು ನಾಟಿಕಲ್ ಮೈಲಿ. ಸೈಕಲ್ ಸವಾರ ಆರಾಮಾಗಿ ಹಿಂದೆ ಹಾಕಿ ಹೋಗಬಲ್ಲ. ಭಾಗಿಸಿ ನೋಡಿದರೆ 540 ಗಂಟೆಯ ಪಯಣ. ಸುಸ್ತಾಯಿತೆಂದು ದಾರಿಯಲ್ಲಿ ಲಂಗರು ಹಾಕುವಂತಿಲ್ಲ, ಕೆಳಗೆ ನಾಲ್ಕೈದು ಕಿಲೋಮೀಟರ್ ಆಳದ ನೀರು.

ಈಗ ಪ್ರಶ್ನೆ: ಅಷ್ಟೂ ಗಂಟೆ ಚುಕ್ಕಾಣಿ ಹಿಡಿಯುವವರು ಯಾರು? ಇಬ್ಬರೇ ಹಂಚಿಕೊಂಡರೆ ತಲಾ ದಿನಕ್ಕೆ ಹನ್ನೆರಡು ಗಂಟೆ, ಮೂರು ವಾರಗಳ ಕಾಲ, ಬಿಸಿಲಿರಲಿ ಮಳೆಯಿರಲಿ. ಅಡುಗೆ, ನಿದ್ದೆ, ಹರಿದ ಹಾಯಿಗೆ ಹೊಲಿಗೆ, ನಕ್ಷೆಯ ಲೆಕ್ಕ ಎಲ್ಲವೂ ಉಳಿದ ಹೊತ್ತಿನಲ್ಲೇ ಆಗಬೇಕು. ಒಬ್ಬರೇ ಹೊರಟಿದ್ದರಂತೂ ಲೆಕ್ಕವೇ ಕೂಡುವುದಿಲ್ಲ.

ಉತ್ತರ ಸರಳ. ಯಾರೂ ಹಿಡಿಯುವುದಿಲ್ಲ. ದೋಣಿಯ ಹಿಂಬದಿಯಲ್ಲಿ ನಿಂತ ಒಂದು ತೆಳು ಹಲಗೆ ಆ ಕೆಲಸ ಮಾಡುತ್ತದೆ. ನಾವಿಕರು ಅದನ್ನು ವಿಂಡ್‌ವೇನ್ ಎನ್ನುತ್ತಾರೆ. ಅದಕ್ಕೆ ತಂತಿಯಿಲ್ಲ, ಬ್ಯಾಟರಿಯಿಲ್ಲ, ಮೋಟರಿಲ್ಲ.

ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದು ಮಲಗಿದರೆ ಸಾಲದೇ? ಸಾಲದು. ಹಾಯಿದೋಣಿಯ ಮೇಲರ್ಧವನ್ನು ಗಾಳಿ ತಳ್ಳುತ್ತಿರುತ್ತದೆ, ಕೆಳಗರ್ಧವನ್ನು ನೀರು ತಡೆಯುತ್ತಿರುತ್ತದೆ. ಇವೆರಡರ ಜಗ್ಗಾಟ ಪ್ರತಿ ಅಲೆಗೂ ಬದಲಾಗುತ್ತದೆ. ಗಾಳಿ ಜೋರಾದರೆ ದೋಣಿ ವಾಲುತ್ತದೆ, ವಾಲಿದ ಕೂಡಲೇ ಮೂತಿಯನ್ನು ಗಾಳಿಯತ್ತ ತಿರುಗಿಸಲು ಹವಣಿಸುತ್ತದೆ. ಹಳೆಯ ಕಾಲದ ಕೆಲವು ದೋಣಿಗಳು ಇದಕ್ಕೆ ಹೊರತಾಗಿದ್ದವು. 1895ರಿಂದ 1898ರವರೆಗೆ ಒಬ್ಬಂಟಿಯಾಗಿ ಭೂಮಿ ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್ಮನ ‘ಸ್ಪ್ರೇ’ ಅಂಥದು. ಆಸ್ಟ್ರೇಲಿಯದ ಉತ್ತರ ತುದಿಯ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳವರೆಗೆ 23 ದಿನ, 2,700 ಮೈಲಿ ಸಾಗಿದಾಗ ತಾನು ಚುಕ್ಕಾಣಿ ಹಿಡಿದದ್ದು ಒಟ್ಟು ಮೂರು ಗಂಟೆಯೂ ಇಲ್ಲ ಎಂದು ಅವನು ಬರೆದಿಟ್ಟಿದ್ದಾನೆ. ‘ಸ್ಪ್ರೇ’ಯ ತಳ ಉದ್ದಕ್ಕೆ, ಅಗಲಕ್ಕೆ ಇತ್ತು, ಒಮ್ಮೆ ಹಿಡಿದ ದಾರಿಯನ್ನು ಸುಲಭವಾಗಿ ಬಿಡುತ್ತಿರಲಿಲ್ಲ. ಈಗಿನ ದೋಣಿಗಳ ತಳ ಮೊಟಕು. ಅವು ಚುರುಕಾಗಿ ಓಡುತ್ತವೆ, ಚುರುಕಾಗಿ ದಾರಿಯನ್ನೂ ತಪ್ಪುತ್ತವೆ.

ಇದಕ್ಕೆ ಮದ್ದು ಹುಡುಕಿದವರಲ್ಲಿ ದೊಡ್ಡ ಹೆಸರು ಬ್ರಿಟನ್ನಿನ ‘ಬ್ಲಾಂಡಿ’ ಹ್ಯಾಸ್ಲರ್. ಎರಡನೆಯ ಮಹಾಯುದ್ಧದಲ್ಲಿ ಪುಟ್ಟ ಕ್ಯಾನೋಗಳಲ್ಲಿ ಹುಟ್ಟು ಹಾಕಿಕೊಂಡು ಹೋಗಿ ಫ್ರಾನ್ಸಿನ ಬೋರ್ಡೋ ಬಂದರಿನಲ್ಲಿ ಜರ್ಮನ್ ಪರವಾದ ಹಡಗುಗಳಿಗೆ ಸಿಡಿಗುಂಡು ಅಂಟಿಸಿ ಬಂದ ಸೈನ್ಯಾಧಿಕಾರಿ ಆತ. 1960ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಿಂದ ಅಮೆರಿಕಕ್ಕೆ ಒಬ್ಬಂಟಿ ಹಾಯಿದೋಣಿಗಳ ಸ್ಪರ್ಧೆ ನಡೆದದ್ದು ಆತನ ಹಟದಿಂದಲೇ. ಹೋದವರು ಐವರು. 40 ದಿನಗಳಲ್ಲಿ ಮುಟ್ಟಿ ಗೆದ್ದವರು ಫ್ರಾನ್ಸಿಸ್ ಚಿಚೆಸ್ಟರ್, ಅವರ ದೋಣಿಯನ್ನು ನಡೆಸಿದ್ದು ‘ಮಿರಾಂಡಾ’ ಎಂದು ಹೆಸರಿಟ್ಟಿದ್ದ ವಿಂಡ್‌ವೇನ್. 48 ದಿನಗಳಲ್ಲಿ ಎರಡನೆಯವರಾಗಿ ಬಂದದ್ದು 25 ಅಡಿಯ ‘ಜೆಸ್ಟರ್’ ದೋಣಿಯ ಹ್ಯಾಸ್ಲರ್. ಮುಂದಿನ ಕೆಲವೇ ವರ್ಷಗಳಲ್ಲಿ ಆತ ರೂಪಿಸಿದ ಲೋಲಕದ ಮಾದರಿಯೇ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು.

ಅದನ್ನು ತುಸು ಹತ್ತಿರದಿಂದ ನೋಡೋಣ. ದೋಣಿಯ ಹಿಂಬದಿಗೆ ಬಿಗಿದ ಒಂದು ಸ್ಟೀಲಿನ ಚೌಕಟ್ಟು. ಅದರ ತಲೆಯ ಮೇಲೆ ಪ್ಲೈವುಡ್ಡಿನ ತೆಳು ಹಲಗೆ; ಎತ್ತರ ಮುಕ್ಕಾಲು ಮೀಟರಿನಷ್ಟು, ಅಗಲ ಒಂದು ಗೇಣು. ತಾನಾಗಿ ಬೀಳದಿರಲೆಂದು ಅದರ ಬುಡಕ್ಕೊಂದು ತೂಕ ಕಟ್ಟಿರುತ್ತದೆ. ಚೌಕಟ್ಟಿನ ಕೆಳಗೆ ನೀರಿಗೆ ಇಳಿಬಿಟ್ಟ ಒಂದು ಹುಟ್ಟು. ಹಲಗೆಯನ್ನೂ ಹುಟ್ಟನ್ನೂ ಜೋಡಿಸಲು ಒಂದು ಸರಳು ಮತ್ತು ಒಂದು ಜೊತೆ ಹಲ್ಲುಚಕ್ರ. ಹುಟ್ಟಿನಿಂದ ಚುಕ್ಕಾಣಿಯ ಹಿಡಿಗೆ ಎರಡು ಹಗ್ಗ, ಎಡಕ್ಕೊಂದು ಬಲಕ್ಕೊಂದು. ಇಷ್ಟೇ ಯಂತ್ರ.

ಮೊದಲು ಕೈಯಾರೆ ದೋಣಿಯನ್ನು ಬೇಕಾದ ದಿಕ್ಕಿಗೆ ತಂದು, ಹಾಯಿಗಳನ್ನು ಹದ ಮಾಡಿ, ಹಲಗೆಯ ಅಂಚು ನೇರವಾಗಿ ಗಾಳಿಗೆ ಎದುರಾಗುವಂತೆ ತಿರುಗಿಸಿ ಬಿಗಿಯುತ್ತಾರೆ. ಗಾಳಿ ಎರಡೂ ಪಕ್ಕಕ್ಕೆ ಸಮನಾಗಿ ಸರಿದುಹೋಗುತ್ತದೆ, ಹಲಗೆ ನೆಟ್ಟಗೆ ನಿಂತಿರುತ್ತದೆ. ಅಷ್ಟರಲ್ಲಿ ಒಂದು ಅಲೆ ಬಂದು ದೋಣಿಯ ಮೂತಿಯನ್ನು ಹತ್ತು ಡಿಗ್ರಿ ಹೊರಳಿಸಿತು ಅನ್ನಿ. ಈಗ ಗಾಳಿ ಹಲಗೆಯ ಒಂದು ಕೆನ್ನೆಗೆ ಬಡಿಯುತ್ತದೆ. ಹಲಗೆ ವಾಲುತ್ತದೆ, ಸರಳನ್ನು ತಳ್ಳುತ್ತದೆ, ಸರಳು ನೀರಿನಲ್ಲಿರುವ ಹುಟ್ಟನ್ನು ನಿಂತಲ್ಲೇ ತುಸು ತಿರುಚುತ್ತದೆ. ಗಾಳಿಯ ಕೆಲಸ ಇಲ್ಲಿಗೆ ಮುಗಿಯಿತು.

ಮುಂದಿನದು ನೀರಿನ ಕೆಲಸ. ಓಡುವ ಬಸ್ಸಿನ ಕಿಟಕಿಯಾಚೆ ಕೈ ಚಾಚಿ ಬೈಸಿಕೊಂಡವರಿಗೆ ಇದು ಗೊತ್ತು: ಅಂಗೈ ಮಟ್ಟಸವಾಗಿದ್ದರೆ ಏನೂ ಆಗುವುದಿಲ್ಲ, ಕೊಂಚ ಓರೆ ಮಾಡಿದರೆ ಗಾಳಿ ಇಡೀ ತೋಳನ್ನೇ ಮೇಲಕ್ಕೆಸೆಯುತ್ತದೆ. ನೀರನ್ನು ಸೀಳಿಕೊಂಡು ನೆಟ್ಟಗೆ ಬರುತ್ತಿದ್ದ ಹುಟ್ಟು ಓರೆಯಾದದ್ದೇ ತಡ, ಎದುರು ಬರುವ ನೀರು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಗಡಿಯಾರದ ಲೋಲಕದಂತೆ ಹುಟ್ಟು ಪಕ್ಕಕ್ಕೆ ತೂಗುತ್ತದೆ, ಹಗ್ಗ ಜಗ್ಗುತ್ತದೆ, ಚುಕ್ಕಾಣಿ ತಿರುಗುತ್ತದೆ, ದೋಣಿ ದಾರಿಗೆ ಬರುತ್ತದೆ. ಅಂಚು ಮತ್ತೆ ಗಾಳಿಗೆ ನೇರವಾದಾಗ ಹಲಗೆ ತಾನಾಗಿ ಎದ್ದು ನಿಲ್ಲುತ್ತದೆ.

ಇದರ ಜಾಣತನ ಸಂಖ್ಯೆಯಲ್ಲಿ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಗಂಟೆಗೆ ಹತ್ತು ನಾಟಿಕಲ್ ಮೈಲಿಯ ಹದವಾದ ಗಾಳಿ, ಹತ್ತು ಡಿಗ್ರಿ ಓರೆಯಾದಾಗ, ಆ ಹಲಗೆಯ ಮೇಲೆ ಹಾಕುವ ಒತ್ತಡ ಅಂದಾಜು ನೂರು ಗ್ರಾಂ. ಎರಡು ನಿಂಬೆಹಣ್ಣಿನ ತೂಕ. ಏಳೆಂಟು ಟನ್ನಿನ ದೋಣಿಯ ಚುಕ್ಕಾಣಿಯನ್ನು ಅದು ಕದಲಿಸಲಾರದು. ಆದರೆ ನೀರು ಗಾಳಿಗಿಂತ ಎಂಟುನೂರು ಪಟ್ಟು ಸಾಂದ್ರ. ತುಸುವೇ ಓರೆಯಾದ ಆ ಹುಟ್ಟಿನ ಮೇಲೆ, ಐದು ನಾಟಿಕಲ್ ಮೈಲಿ ವೇಗದಲ್ಲಿ, ನೀರು ಹಾಕುವ ಒತ್ತಡ ಅಂದಾಜು ಹದಿನೈದು ಕಿಲೋ. ಗಾಳಿ ಬರೀ ಸುದ್ದಿ ಮುಟ್ಟಿಸುತ್ತದೆ, ದುಡಿಯುವುದು ನೀರು. ಇನ್ನೂ ಒಂದು ಸೊಗಸಿದೆ: ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದೋಣಿಯ ವೇಗ ಇಮ್ಮಡಿಯಾದರೆ ಹುಟ್ಟಿನ ಬಲ ನಾಲ್ಮಡಿ. ಬಿರುಗಾಳಿಗೆ ಮನುಷ್ಯನ ತೋಳು ಸೋಲುವ ಹೊತ್ತಿಗೆ ಯಂತ್ರಕ್ಕೆ ಹುರುಪು ಬಂದಿರುತ್ತದೆ.

ಹೊಸದಾಗಿ ಸೈಕಲ್ ಕಲಿಯುವವರು ಹ್ಯಾಂಡಲನ್ನು ಅತ್ತ ಜಾಸ್ತಿ ತಿರುಗಿಸಿ, ಗಾಬರಿಯಿಂದ ಇತ್ತ ಇನ್ನೂ ಜಾಸ್ತಿ ತಿರುಗಿಸಿ, ಹಾವಿನಂತೆ ಹೋಗುತ್ತಾರಲ್ಲ? ವಿಂಡ್‌ವೇನ್‌ಗೂ ಆ ಅಪಾಯವಿದೆ. ಹಲ್ಲುಚಕ್ರಗಳಿರುವುದು ಅದಕ್ಕೇ. ಹುಟ್ಟು ಪಕ್ಕಕ್ಕೆ ತೂಗಿದಷ್ಟೂ ಅವು ಅದನ್ನು ಹಿಮ್ಮುಖವಾಗಿ ತಿರುಚಿ ನೀರಿನ ಹರಿವಿಗೆ ನೆಟ್ಟಗೆ ಮಾಡುತ್ತವೆ. ಹೀಗಾಗಿ ತಳ್ಳಾಟ ಬೇಕಾದಷ್ಟಕ್ಕೆ ನಿಲ್ಲುತ್ತದೆ. ಕೆಲವು ಮಾದರಿಗಳಲ್ಲಿ ಇನ್ನೊಂದು ಉಪಾಯವೂ ಇದೆ: ನೀರಿನಲ್ಲಿ ತೇಲುವ ಮರದ ದಿಮ್ಮಿ ಹುಟ್ಟಿಗೆ ಬಡಿದರೆ ಮುರಿಯಲೆಂದೇ ನಡುವೆ ಒಂದು ದುರ್ಬಲ ಕೊಳವೆ. ಮನೆಯ ಫ್ಯೂಸ್ ಸುಟ್ಟು ಉಳಿದದ್ದನ್ನು ಕಾಯುವ ಹಾಗೆ, ಕೊಳವೆ ಮುರಿದು ಯಂತ್ರವನ್ನು ಉಳಿಸುತ್ತದೆ. ಕಳಚಿದ ಹುಟ್ಟು ತೇಲಿಹೋಗದಂತೆ ಹಗ್ಗದ ಕಟ್ಟು ಬೇರೆ.

ಈ ಕಾಲದಲ್ಲಿ ವಿದ್ಯುತ್ ಆಟೋಪೈಲಟ್ ಇಲ್ಲವೇ? ಖಂಡಿತ ಇದೆ, ಬಹಳ ದೋಣಿಗಳಲ್ಲಿದೆ. ಆದರೆ ಅದು ಸರಾಸರಿ ನಾಲ್ಕು ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೂ ದಿನಕ್ಕೆ 96 ಆಂಪಿಯರ್-ಗಂಟೆ ಬೇಕು. ಅಲೆ ಎದ್ದಷ್ಟೂ ಅದರ ಹಸಿವು ಹೆಚ್ಚು. ಸೌರಫಲಕಗಳ ಗಳಿಕೆಯಲ್ಲಿ ದೀಪ, ರೇಡಿಯೊ, ಜಿಪಿಎಸ್ ಎಲ್ಲ ನಡೆಯಬೇಕಾದ ಪುಟ್ಟ ಸಂಸಾರಕ್ಕೆ ಅದು ದುಬಾರಿ. ಜೊತೆಗೆ ಉಪ್ಪುನೀರು ಎಲೆಕ್ಟ್ರಾನಿಕ್ ಸಾಮಾನಿಗೆ ಹಗೆ. ವಿಂಡ್‌ವೇನ್ ಕೆಟ್ಟರೆ ಸ್ಪ್ಯಾನರ್, ಹಗ್ಗ, ಪ್ಲೈವುಡ್ ತುಂಡಿನಲ್ಲಿ ರಿಪೇರಿಯಾಗುತ್ತದೆ.

ಚುಕ್ಕಾಣಿಯಿಂದ ಕೈ ಬಿಡುವಾದ ಮೇಲೆ ದೋಣಿಯೊಳಗೆ ಸಂಸಾರ ಶುರುವಾಗುತ್ತದೆ. ಒಲೆಯನ್ನು ಎರಡು ಪಕ್ಕದ ಗೂಟಗಳ ಮೇಲೆ ಉಯ್ಯಾಲೆಯಂತೆ ತೂಗುಹಾಕಿರುತ್ತಾರೆ. ದೋಣಿ ಮೂವತ್ತು ಡಿಗ್ರಿ ವಾಲಿದರೂ ಪಾತ್ರೆ ಮಟ್ಟಸವಾಗಿರುತ್ತದೆ. ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರ್ ಅಲ್ಲಿಯೂ ನೆಚ್ಚಿನ ಪಾತ್ರೆ. ಅನಿಲ ಉಳಿಯುತ್ತದೆ ಎಂಬುದು ಒಂದು ಕಾರಣ, ಉರುಳಿಬಿದ್ದರೂ ಮುಚ್ಚಳ ಕಳಚಿ ಮೈಮೇಲೆ ಸುರಿಯುವುದಿಲ್ಲ ಎಂಬುದು ದೊಡ್ಡ ಕಾರಣ. ಸಿಹಿನೀರು ಅಳತೆಯ ಸರಕು, ಹಾಗಾಗಿ ಆಲೂಗಡ್ಡೆ ಬೇಯಿಸಲು ಅರ್ಧದಷ್ಟು ಸಮುದ್ರದ ನೀರನ್ನೇ ಬೆರೆಸುವುದುಂಟು. ಉಪ್ಪು ಹಾಕುವ ಕೆಲಸವೂ ಉಳಿಯಿತು. ಹಾಸಿಗೆಯ ಹೊರ ಅಂಚಿಗೆ ಬಟ್ಟೆಯ ತಡಿಕೆ ಕಟ್ಟಿ, ತೊಟ್ಟಿಲ ಕೂಸಿನಂತೆ ಮಲಗುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಡೆಕ್ಕಿನ ಮೇಲೆ ರಾತ್ರಿ ಹಾರಿಬಿದ್ದ ಒಂದೆರಡು ಹಾರುಮೀನು. ನಾಷ್ಟಾಕ್ಕಾಯಿತು.

ಹಾಗೆಂದು ಇಬ್ಬರೂ ಒಟ್ಟಿಗೆ ಮಲಗುವಂತಿಲ್ಲ. ಮೂರು-ನಾಲ್ಕು ಗಂಟೆಗೊಮ್ಮೆ ಸರದಿ ಬದಲಾಗುತ್ತದೆ. ಸಾಗರ ಖಾಲಿ ಕಂಡರೂ ಅಲ್ಲಿ ದೊಡ್ಡ ಹಡಗುಗಳು ಓಡಾಡುತ್ತವೆ. ಗಂಟೆಗೆ 20 ನಾಟಿಕಲ್ ಮೈಲಿಯಲ್ಲಿ ಹಡಗೊಂದು ಎದುರು ಬರುತ್ತಿದ್ದರೆ, ನಮ್ಮದೂ ಸೇರಿ 25. ಎಂಟು ಮೈಲಿ ದೂರದಲ್ಲಿ ಕಂಡ ಅದರ ದೀಪ ನಮ್ಮ ಮೈಮೇಲೆ ಬರಲು ಇಪ್ಪತ್ತು ನಿಮಿಷವೂ ಬೇಡ. ಒಬ್ಬಂಟಿ ನಾವಿಕರು ಅಲಾರಂ ಇಟ್ಟು ಇಪ್ಪತ್ತಿಪ್ಪತ್ತು ನಿಮಿಷದ ತುಂಡು ನಿದ್ದೆ ಮಾಡುವುದರ ಹಿಂದಿರುವುದು ಈ ಲೆಕ್ಕವೇ.

ವಿಂಡ್‌ವೇನ್‌ಗೆ ದೌರ್ಬಲ್ಯಗಳೂ ಇವೆ. ಗಾಳಿ ನಿಂತರೆ ಅದು ಬರೀ ಹಲಗೆ. ಗಾಳಿಯ ದಿಕ್ಕಿನಲ್ಲೇ ಸಾಗುವಾಗಲೂ ಅದಕ್ಕೆ ಶಕ್ತಿ ಸಾಲದು: ಬೆನ್ನಿಗೆ 12 ನಾಟಿಕಲ್ ಮೈಲಿಯ ಗಾಳಿ, ದೋಣಿಯ ವೇಗ 6, ಹಲಗೆಗೆ ತಾಗುವುದು ಉಳಿದ 6 ಮಾತ್ರ, ಒತ್ತಡ ಕಾಲು ಭಾಗಕ್ಕಿಳಿಯುತ್ತದೆ. ಹಾಯಿಗಳ ಹದ ತಪ್ಪಿದ್ದರೆ ಎಂಥ ವಿಂಡ್‌ವೇನೂ ಸೋಲುತ್ತದೆ. ಹಗ್ಗಗಳು ರಾಟೆಯಲ್ಲಿ ಹಗಲಿರುಳು ಉಜ್ಜಿ ಸವೆಯುತ್ತವೆ, ದಿನವೂ ಬೆರಳಾಡಿಸಿ ನೋಡಬೇಕು.

ಅದು ಮುರಿದಾಗ ಏನಾಗುತ್ತದೆಂದು ತೋರಿಸಿದ ದೋಣಿ ನಮ್ಮ ಮುಂಬಯಿಯಲ್ಲಿ ತೇಗದ ಮರದಲ್ಲಿ ಕಟ್ಟಿದ್ದು. ಹೆಸರು ‘ಸುಹೈಲಿ’, ಉದ್ದ 32 ಅಡಿ. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟ ರಾಬಿನ್ ನಾಕ್ಸ್-ಜಾನ್‌ಸ್ಟನ್ ಆಸ್ಟ್ರೇಲಿಯ ಮುಟ್ಟುವ ಹೊತ್ತಿಗೆ ಅವರ ವಿಂಡ್‌ವೇನ್ ಪೂರ್ತಿ ಕೈಕೊಟ್ಟಿತ್ತು. ಸುಮಾರು ಅರ್ಧ ದಾರಿ ಬಾಕಿ. ಹಾಯಿಗಳನ್ನೇ ಹಿಗ್ಗಿಸಿ ಕುಗ್ಗಿಸಿ, ದೋಣಿ ತನ್ನಷ್ಟಕ್ಕೆ ಸಾಗುವ ಹದವನ್ನು ಹುಡುಕಿಕೊಂಡು ಅವರು 312 ದಿನಗಳಿಗೆ ಮರಳಿದರು. ಎಲ್ಲಿಯೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದ ಮೊದಲಿಗರೆನಿಸಿದರು.

ಅವರು ಹೋದದ್ದು ಗೋಲ್ಡನ್ ಗ್ಲೋಬ್ ಎಂಬ ಸ್ಪರ್ಧೆಯಲ್ಲಿ. ಆ ಯಾನದ ನೆನಪಿಗೆ 2018ರಲ್ಲಿ ಅದು ಮತ್ತೆ ಶುರುವಾಯಿತು. ನಿಯಮ ಕಟ್ಟುನಿಟ್ಟು: ದಾರಿ ಹುಡುಕಲು ಜಿಪಿಎಸ್ ಇಲ್ಲ, ವಿದ್ಯುತ್ ಆಟೋಪೈಲಟ್ ಇಲ್ಲ; ಇರುವುದು ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಸೆಕ್ಸ್‌ಟಂಟ್, ಕಾಗದದ ನಕ್ಷೆ ಮತ್ತು ವಿಂಡ್‌ವೇನ್. ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ ಗೋವೆಯಲ್ಲಿ ಕಟ್ಟಿದ ‘ಸುಹೈಲಿ’ಯ ಪ್ರತಿರೂಪ ‘ತುರಿಯಾ’ದಲ್ಲಿ ಆ ವರ್ಷ ಹೊರಟರು. ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಕೂವೆಮರ ಮುರಿದು, ಬೆನ್ನೆಲುಬಿಗೆ ಪೆಟ್ಟಾಗಿ, ಮೂರು ದಿನ ಮಲಗಿದಲ್ಲೇ ಇದ್ದು ಪಾರಾದರು. 2022ರಲ್ಲಿ ಮತ್ತೆ ಹೋದರು. ಆ ಸಲ ವಿಂಡ್‌ವೇನ್‌ನ ಭಾಗ ಮುರಿದಾಗ ಶೌಚಕೋಣೆಯ ಬಾಗಿಲನ್ನೇ ಕೊಯ್ದು ಬದಲಿ ಮಾಡಿಕೊಂಡರು. 236 ದಿನಗಳ ನಂತರ, 2023ರ ಏಪ್ರಿಲ್‌ನಲ್ಲಿ, ಎರಡನೆಯವರಾಗಿ ದಡ ಮುಟ್ಟಿದರು. ಬಾಗಿಲಿಲ್ಲದೆ ಬದುಕಬಹುದು, ಚುಕ್ಕಾಣಿಗನಿಲ್ಲದೆ ಆಗದು.

ಹಿಂದೆ ಸಂತೆ ಮುಗಿಸಿ ಹೊರಟ ಗಾಡಿಯವರು ಹಗ್ಗ ಸಡಿಲಿಸಿ ಮಲಗಿಬಿಡುತ್ತಿದ್ದರು. ಎತ್ತುಗಳು ತಾವಾಗಿ ಮನೆಯ ಮುಂದೆ ಬಂದು ನಿಲ್ಲುತ್ತಿದ್ದವು. ವಿಂಡ್‌ವೇನನ್ನು ಆ ಎತ್ತಿಗೆ ಹೋಲಿಸಬೇಕೆನಿಸುತ್ತದೆ, ಆದರೆ ಒಂದು ವ್ಯತ್ಯಾಸವಿದೆ. ಎತ್ತಿಗೆ ಮನೆ ಗೊತ್ತು. ಈ ಹಲಗೆಗೆ ಗೊತ್ತಿರುವುದು ಗಾಳಿಗೂ ದೋಣಿಗೂ ನಡುವಿನ ಕೋನ ಮಾತ್ರ. ನಡುರಾತ್ರಿ ಗಾಳಿ ನಲವತ್ತು ಡಿಗ್ರಿ ತಿರುಗಿದರೆ ಅದೂ ದೋಣಿಯನ್ನು ಚಾಚೂ ತಪ್ಪದೆ ನಲವತ್ತು ಡಿಗ್ರಿ ತಿರುಗಿಸುತ್ತದೆ, ಎದುರಿಗೆ ಬಂಡೆಯಿದ್ದರೂ. ಒಳಗೆ ಮಲಗಿದವರಿಗೆ ತಿರುಗಿದ್ದು ತಿಳಿಯುವುದೂ ಇಲ್ಲ, ಏಕೆಂದರೆ ವಾಲುವಿಕೆ, ಅಲೆಯ ಸದ್ದು ಹೆಚ್ಚುಕಡಿಮೆ ಮೊದಲಿನಂತೆಯೇ ಇರುತ್ತದೆ. ಆದ್ದರಿಂದಲೇ ಸರದಿಯಲ್ಲಿರುವವರು ಗಂಟೆಗೊಮ್ಮೆ ಎದ್ದು ದಿಕ್ಸೂಚಿ ನೋಡಿ ಲಾಗ್‌ಪುಸ್ತಕದಲ್ಲಿ ದಿಕ್ಕು ಬರೆಯುವ ಪದ್ಧತಿ, ಇಷ್ಟೆಲ್ಲ ಯಂತ್ರ ಬಂದ ಮೇಲೂ, ನಿಂತಿಲ್ಲ.