ತಂತ್ರಾಂಶವನ್ನು ಒರೆಗೆ ಹಚ್ಚುವ ಬಗೆ

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ನಿಂತ ಗೂಡ್ಸ್ ಗಾಡಿಯೊಂದನ್ನು, ಅದರ ಮೇಲೆ ಗುಬ್ಬಿ ಕುಳಿತಿರುವಾಗ ಒಮ್ಮೆ, ಹಾರಿಹೋದ ಮೇಲೆ ಮತ್ತೊಮ್ಮೆ ತೂಗಿ, ಆ ಎರಡು ತೂಕಗಳ ಅಂತರದಿಂದ ಗುಬ್ಬಿಯ ಭಾರವನ್ನು ನಿರ್ಣಯಿಸಲು ಯಾರಾದರೂ ಹೊರಟರೆ, ಅವರ ತರ್ಕದಲ್ಲಿ ಲೋಪವಿರದು. ಆದರೂ ಉತ್ತರ ದೊರೆಯಲಾರದು. ಹಿರಿಯೂರಿನ ಬಬ್ಬೂರು ಫಾರಮಿನಂತಹ ಕೃಷಿ ಸಂಶೋಧನಾ ಕೇಂದ್ರಗಳಿಂದ ಮೊದಲ್ಗೊಂಡು ಆಸ್ಪತ್ರೆಗಳವರೆಗೆ ಎಲ್ಲೆಡೆಯೂ ಅಂಕಿಅಂಶಗಳ ವಿಶ್ಲೇಷಣೆಗೆ ಬಳಕೆಯಾಗುವಂಥ ತಂತ್ರಾಂಶಗಳ ಒಳಗೂ ಇಂತಹ ತೂಗಾಟ ನಡೆಯಬಲ್ಲುದು.

ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆಯೆಂಬುದರ ಅಳತೆಯಾದ ಮಾನಕ ವಿಚಲನೆಗೆ ಪಠ್ಯಪುಸ್ತಕಗಳು ಕಲಿಸುವ ಸುಲಭಸೂತ್ರವೊಂದುಂಟು: ಸಂಖ್ಯೆಗಳ ವರ್ಗಗಳನ್ನೆಲ್ಲ ಕೂಡಿ, ಸರಾಸರಿಯ ವರ್ಗವನ್ನು ಎಣಿಕೆಯಿಂದ ಗುಣಿಸಿ ಆ ಮೊತ್ತದಿಂದ ಕಳೆದು, ಉಳಿದುದನ್ನು ಎಣಿಕೆಗಿಂತ ಒಂದು ಕಡಿಮೆಯಾದ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆಯುವುದು. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ಪರೀಕ್ಷಾರ್ಥವಾಗಿ ರಚಿಸಿರುವ ದತ್ತಾಂಶವೊಂದರಲ್ಲಿ 1001 ಸಂಖ್ಯೆಗಳಿವೆ, ಮೊದಲನೆಯದು 10000000.2, ಉಳಿದವು 10000000.1 ಹಾಗೂ 10000000.3 ಎಂದು ಸರದಿಯಾಗಿ ಬರುತ್ತವೆ. ಇವುಗಳ ಮಾನಕ ವಿಚಲನೆ 0.1 ಎಂಬುದು ನಿಸ್ಸಂದೇಹ. ಆದರೆ ವರ್ಗಗಳ ಮೊತ್ತವು ಒಂದರ ಮುಂದೆ ಹದಿನೇಳು ಸೊನ್ನೆಗಳಷ್ಟು ಬೆಳೆದಾಗ, ಒಂದು ಸಂಖ್ಯೆಗೆ 53 ದ್ವಿಮಾನ ಅಂಕೆಗಳನ್ನಷ್ಟೇ ಮೀಸಲಿಡುವ ಗಣಕಕ್ಕೆ ಒಂದು ಸಂಖ್ಯೆಗೂ ಅದರ ಮುಂದಿನದಕ್ಕೂ ನಡುವಣ ಅಂತರವೇ 16 ಆಗಿಬಿಡುತ್ತದೆ. ಕಳೆದುಳಿಯಬೇಕಾದ ಮೊತ್ತವಾದರೋ ಬರಿಯ 10! ಉತ್ತರ ಸೊನ್ನೆಯಾದೀತು, ಋಣಸಂಖ್ಯೆಯೇ ಆದೀತು. ಮೊದಲು ಸರಾಸರಿಯನ್ನು ಕಂಡು, ಅದರಿಂದ ಒಂದೊಂದು ಸಂಖ್ಯೆಯ ದೂರವನ್ನು ವರ್ಗಮಾಡಿ ಕೂಡಿದರೆ ಈ ಆಪತ್ತು ತಪ್ಪುತ್ತದೆ. ಕಾಗದದ ಮೇಲೆ ಎರಡು ಸೂತ್ರಗಳೂ ಒಂದೇ, ಯಂತ್ರದಲ್ಲಿ ಅಲ್ಲ. ಎಕ್ಸೆಲ್ ತಂತ್ರಾಂಶವು ಸುಲಭಸೂತ್ರವನ್ನು ಕೈಬಿಟ್ಟದ್ದು 2003ರ ಆವೃತ್ತಿಯಲ್ಲಿ.

1967ರಲ್ಲಿಯೇ ಲಾಂಗ್ಲಿ ಎಂಬ ವಿದ್ವಾಂಸನು, ಅಮೆರಿಕದ ಹದಿನಾರು ವರ್ಷಗಳ ಉದ್ಯೋಗದ ಅಂಕಿಗಳನ್ನು ಕೈಲೆಕ್ಕದಿಂದ ಬಿಡಿಸಿ, ಆ ಕಾಲದ ಗಣಕಗಳ ಉತ್ತರಗಳೊಡನೆ ಹೋಲಿಸಿ, ಅವುಗಳಲ್ಲಿ ಹಲವು ಎಷ್ಟು ದಾರಿತಪ್ಪಿದ್ದವೆಂಬುದನ್ನು ತೋರಿಸಿದ್ದನು. ಎರಡು ತಂತ್ರಾಂಶಗಳ ಉತ್ತರ ಒಂದೇ ಆಯಿತೆಂಬುದನ್ನು ಪ್ರಮಾಣವೆಂದು ಬಗೆಯುವುದು, ನನ್ನ ಅಭಿಪ್ರಾಯದಲ್ಲಿ, ಅಪಾಯಕರ. ಎರಡರಲ್ಲಿಯೂ ಅದೇ ಸೂತ್ರವಿದ್ದರೆ ಎರಡೂ ಒಟ್ಟಿಗೇ ತಪ್ಪುತ್ತವೆ. ಆದುದರಿಂದಲೇ ನಿಸ್ಟ್ ತನ್ನ ಉತ್ತರಗಳನ್ನು 500 ಅಂಕೆಗಳ ನಿಖರತೆಯಲ್ಲಿ ಗಣಿಸಿ, 15 ಅಂಕೆಗಳಿಗೆ ಇಳಿಸಿ ಪ್ರಕಟಿಸಿದೆ. ಪರೀಕ್ಷಕನು ಎಣಿಸುವುದು ತಂತ್ರಾಂಶದ ಉತ್ತರವು ಇದರೊಡನೆ ಎಷ್ಟು ಅಂಕೆಗಳವರೆಗೆ ಕೂಡಿಬರುವುದೆಂಬುದನ್ನು.

ಮೇಲಣ 1001 ಸಂಖ್ಯೆಗಳ ಪರೀಕ್ಷೆಯಲ್ಲಿ ಅತ್ಯುತ್ತಮ ವಿಧಾನವೂ ಸುಮಾರು ಎಂಟು ಅಂಕೆಗಳನ್ನಷ್ಟೇ ಸರಿಯಾಗಿ ಕೊಡುತ್ತದೆ. ಅದು ವಿಧಾನದ ದೋಷವಲ್ಲ: 10000000.1 ಎಂಬ ಸಂಖ್ಯೆ ದ್ವಿಮಾನದಲ್ಲಿ ಪೂರ್ಣವಾಗಿ ಹಿಡಿಯದ ಕಾರಣ, ಗಣಕದೊಳಕ್ಕೆ ಬರುವಾಗಲೇ ಅದರ ಬಾಲದ ಅಂಕೆಗಳು ಕತ್ತರಿಸಿಹೋಗಿರುತ್ತವೆ.