ಮನೆಯ ಕಂಪ್ಯೂಟರಿನಲ್ಲಿ ಧ್ವನಿಯು ನಿಂತಾಗ ಮಾಡತಕ್ಕ ಪರೀಕ್ಷೆಗಳು

ಬೇಸಾಯದ ವಿಷಯವಾದ ಉಪನ್ಯಾಸಗಳನ್ನು ಕೇಳುವುದಕ್ಕೂ, ಮಕ್ಕಳ ಪಾಠಗಳಿಗೂ, ದೂರದೇಶದಲ್ಲಿರುವ ಬಂಧುಗಳೊಡನೆ ಮಾತನಾಡುವುದಕ್ಕೂ ಈಗ ಗ್ರಾಮಗಳ ಅನೇಕ ಮನೆಗಳಲ್ಲಿ ಮೇಜಿನ ಮೇಲಿಡುವ ಕಂಪ್ಯೂಟರು ಬಳಕೆಗೆ ಬಂದಿದೆ. ಈ ಯಂತ್ರದಲ್ಲಿ ಚಿತ್ರವು ಸರಿಯಾಗಿ ಕಾಣುತ್ತಿದ್ದು ಧ್ವನಿಯೊಂದು ಮಾತ್ರ ನಿಂತುಹೋಗುವುದುಂಟು. ಆಗ ಕೆಲವರು ಯಂತ್ರವೇ ಕೆಟ್ಟಿತೆಂದು ಭಾವಿಸಿ, ಅದನ್ನು ಪಟ್ಟಣಕ್ಕೆ ಸಾಗಿಸಿ, ನಾಲ್ಕಾರು ದಿನ ಕಾದು, ವೃಥಾ ಹಣವನ್ನು ತೆರುವರು. ಆದರೆ ದೋಷವು ಅನೇಕ ವೇಳೆ ಒಂದು ತಂತಿಯಲ್ಲಿಯೋ ಒಂದು ಗುಂಡಿಯಲ್ಲಿಯೋ ಇರುತ್ತದೆ. ಅದನ್ನು ಮನೆಯಲ್ಲಿಯೇ ಕಂಡುಹಿಡಿಯುವ ಕ್ರಮವನ್ನು ಕೆಳಗೆ ವಿವರಿಸಿದೆ.

ಗದ್ದೆಗೆ ನೀರು ಬಾರದಿದ್ದರೆ ತಿಳಿದ ರೈತನು ಕೂಡಲೆ ಕೆರೆಯ ತೂಬನ್ನು ಕೀಳಿಸುವುದಿಲ್ಲ. ಗದ್ದೆಯ ಮಡೆಯಿಂದ ಹಿಡಿದು ಕಾಲುವೆಯ ಗುಂಟ ಮೇಲಕ್ಕೆ ನಡೆದು, ನೀರು ಎಲ್ಲಿ ನಿಂತಿದೆಯೆಂದು ನೋಡುತ್ತಾನೆ. ಧ್ವನಿಗೂ ಇಂತಹುದೇ ಒಂದು ಮಾರ್ಗವುಂಟು. ಭಾಷಣವನ್ನು ನುಡಿಸುವ ಪ್ರೋಗ್ರಾಮು, ಅದನ್ನು ಯಾವ ಕಡೆಗೆ ಬಿಡಬೇಕೆಂದು ಗೊತ್ತುಮಾಡುವ ವಿಂಡೋಸ್ ವ್ಯವಸ್ಥೆ, ಧ್ವನಿಯ ಭಾಗವನ್ನು ನಡೆಸುವ ಡ್ರೈವರ್, ಅಂಕೆಗಳ ರೂಪದ ಧ್ವನಿಯನ್ನು ವಿದ್ಯುತ್ತಿನ ಅಲೆಗಳಾಗಿ ಮಾರ್ಪಡಿಸುವ ಚಿಪ್ಪು, ಆಮೇಲೆ ತಂತಿ, ಕಡೆಗೆ ಸ್ಪೀಕರು. ಖರ್ಚಿಲ್ಲದ ಕೊನೆಯಿಂದ ಆರಂಭಿಸಿ ಒಂದೊಂದನ್ನೇ ಪರೀಕ್ಷಿಸತಕ್ಕದ್ದು. ಎರಡನ್ನು ಒಟ್ಟಿಗೆ ಬದಲಾಯಿಸಕೂಡದು.

೧. ಸ್ಪೀಕರು:— ಸ್ಪೀಕರಿಗೆ ಕರೆಂಟು ಬರುತ್ತಿದೆಯೇ, ಅದರ ದೀಪವು ಉರಿಯುತ್ತಿದೆಯೇ, ಧ್ವನಿಯ ತಿರುಪು ತಗ್ಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಇಲಿಗಳು ತಂತಿಯನ್ನು ಕಡಿದಿರುವುದೂ ಉಂಟು. ತರುವಾಯ ಸ್ಪೀಕರಿನ ತಂತಿಯನ್ನು ಇಯರ್‌ಫೋನಿನ ರಂಧ್ರವುಳ್ಳ ಒಂದು ಮೊಬೈಲ್ ಫೋನಿಗೆ ಸಿಕ್ಕಿಸಿ ಹಾಡನ್ನು ನುಡಿಸಬೇಕು. ಧ್ವನಿ ಬಂದರೆ ಸ್ಪೀಕರು ಸರಿಯಾಗಿದೆ, ದೋಷವು ಕಂಪ್ಯೂಟರಿನ ಕಡೆಗಿದೆ. ಬಾರದಿದ್ದರೆ ಸ್ಪೀಕರನ್ನೇ ರಿಪೇರಿ ಮಾಡಿಸತಕ್ಕದ್ದು. ಈ ಒಂದೇ ಪರೀಕ್ಷೆಯಿಂದ ಅರ್ಧ ಸಂಶಯವು ತೀರುವುದು.

೨. ತಂತಿಯ ಸ್ಥಳ:— ಪೆಟ್ಟಿಗೆಯ ಹಿಂಬದಿಯಲ್ಲಿ ಗುಂಡಾದ ರಂಧ್ರಗಳಿರುವುವು. ಅವುಗಳಿಗೆ ಬಣ್ಣವಿದ್ದಲ್ಲಿ ಸಾಮಾನ್ಯವಾಗಿ ಹಸುರು ಸ್ಪೀಕರಿಗೂ, ನಸುಗೆಂಪು ಮೈಕಿಗೂ, ನೀಲಿಯು ಹೊರಗಿನಿಂದ ಬರುವ ಧ್ವನಿಗೂ ಮೀಸಲಾಗಿವೆ. ಧೂಳು ಗುಡಿಸುವಾಗ ತಂತಿಯು ಕಿತ್ತುಬಂದು, ಮತ್ತೆ ಸಿಕ್ಕಿಸುವಾಗ ರಂಧ್ರವು ತಪ್ಪುವುದು ಸಹಜ. ಮುಂಬದಿಯಲ್ಲಿ ಹೆಡ್‌ಫೋನು ಸಿಕ್ಕಿಕೊಂಡೇ ಇದ್ದರೂ ಕೆಲವು ಯಂತ್ರಗಳಲ್ಲಿ ಹಿಂದಿನ ಸ್ಪೀಕರು ಮೌನವಾಗುವುದು.

೩. ಮೌನದ ಗುಂಡಿ:— ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಸ್ಪೀಕರಿನ ಚಿಹ್ನೆಯಿದೆ. ಅದರ ಮೇಲೆ ಅಡ್ಡಗೆರೆಯೋ ಕತ್ತರಿ ಗುರುತೋ ಇದ್ದರೆ ಧ್ವನಿಯನ್ನು ಮುಚ್ಚಿದೆಯೆಂದು ಅರ್ಥ. ಒಂದು ಪ್ರೋಗ್ರಾಮಿನಲ್ಲಿ ಮಾತ್ರ ಧ್ವನಿಯಿಲ್ಲದಿದ್ದರೆ ಆ ಪ್ರೋಗ್ರಾಮಿನೊಳಗಿನ ಧ್ವನಿಯ ಗುರುತನ್ನೂ, ವಿಂಡೋಸಿನ ವಾಲ್ಯೂಮ್ ಮಿಕ್ಸರನ್ನೂ ನೋಡಬೇಕು.

೪. ಧ್ವನಿಯ ದಾರಿ:— ಇದು ಅನೇಕರಿಗೆ ತಿಳಿಯದ ವಿಷಯವಾದುದರಿಂದ ವಿಶೇಷವಾಗಿ ಗಮನಿಸತಕ್ಕದ್ದು. ಹೊಸ ಮಾನಿಟರನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಿದ ದಿನವೇ ಧ್ವನಿ ನಿಲ್ಲುವುದುಂಟು. ಈ ತಂತಿಯು ಚಿತ್ರದೊಡನೆ ಧ್ವನಿಯನ್ನೂ ಒಯ್ಯಬಲ್ಲುದಾದುದರಿಂದ ವಿಂಡೋಸು ಧ್ವನಿಯನ್ನು ಮಾನಿಟರಿನ ಕಡೆಗೆ ತಿರುಗಿಸಿಬಿಡುವುದು. ಮಾನಿಟರಿನಲ್ಲಿ ಸ್ಪೀಕರಿಲ್ಲದಿದ್ದರೆ ಏನೂ ಕೇಳದು. ಇಲ್ಲಿ ಕೆಟ್ಟದ್ದು ಯಾವುದೂ ಇಲ್ಲ; ನೀರು ಪಕ್ಕದ ಕಾಲುವೆಗೆ ಹರಿದಿದೆ, ಅಷ್ಟೆ. ಸ್ಪೀಕರಿನ ಚಿಹ್ನೆಯನ್ನು ಒತ್ತಿ, ವಿಂಡೋಸ್ ೧೧ರಲ್ಲಿ ಧ್ವನಿಯ ಪಟ್ಟಿಯ ಪಕ್ಕದ ಗುರುತನ್ನೂ, ವಿಂಡೋಸ್ ೧೦ರಲ್ಲಿ ಪಟ್ಟಿಯ ಮೇಲಿರುವ ಹೆಸರನ್ನೂ ಒತ್ತಿದರೆ ಸಾಧನಗಳ ಹೆಸರುಗಳು ಕಾಣುವುವು. ಅವುಗಳಲ್ಲಿ ಮಾನಿಟರಿನ ಹೆಸರನ್ನು ಬಿಟ್ಟು ಸ್ಪೀಕರ್ಸ್ ಎಂಬುದನ್ನು ಆರಿಸಬೇಕು.

೫. ಡ್ರೈವರ್:— ಮೇಲಿನವು ಸರಿಯಿದ್ದರೆ ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಬೇಕು. ಅದರಿಂದಲೂ ಗುಣ ಕಾಣದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ಡಿವೈಸ್ ಮ್ಯಾನೇಜರನ್ನು ತೆರೆದು, ಧ್ವನಿಯ ಸಾಧನದ ಪ್ರಾಪರ್ಟೀಸನ್ನು ನೋಡಬೇಕು. ವಿಂಡೋಸಿನ ಅಪ್‌ಡೇಟ್ ಆದಮೇಲೆ ತೊಂದರೆಯು ಹುಟ್ಟಿದ್ದರೆ ಅಲ್ಲಿಯ ರೋಲ್ ಬ್ಯಾಕ್ ಎಂಬ ಗುಂಡಿಯಿಂದ ಹಳೆಯ ಡ್ರೈವರನ್ನು ಮರಳಿ ಪಡೆಯಬಹುದು. ಆ ಗುಂಡಿಯು ಮಸುಕಾಗಿದ್ದರೆ ಹಳೆಯದು ಉಳಿದಿಲ್ಲವೆಂದು ತಿಳಿಯಬೇಕು. ಆಗ ಕಂಪ್ಯೂಟರನ್ನು ತಯಾರಿಸಿದವರಿಂದಲೇ ಡ್ರೈವರನ್ನು ಪಡೆಯತಕ್ಕದ್ದು. ಗುರುತಿಲ್ಲದ ಕಡೆಯಿಂದ ತಂದು ಹಾಕಿದರೆ ಲೆಕ್ಕಪತ್ರಗಳಿಗೇ ಅಪಾಯವುಂಟಾದೀತು.

೬. ಚಿಪ್ಪು:— ಹಿಂದೆ ಧ್ವನಿಗಾಗಿ ಪ್ರತ್ಯೇಕವಾದ ಕಾರ್ಡನ್ನು ಕೂಡಿಸುತ್ತಿದ್ದರು. ೧೯೮೯ರಲ್ಲಿ ಬಂದ ಸೌಂಡ್ ಬ್ಲಾಸ್ಟರ್ ಅಂತಹುದು. ಈಗ ಧ್ವನಿಯ ಚಿಪ್ಪು ಸಾಧಾರಣವಾಗಿ ಮದರ್‌ಬೋರ್ಡಿನಲ್ಲಿಯೇ ಅಡಗಿರುವುದು. ಅದು ಕೆಟ್ಟಿತೆಂದು ಇಡೀ ಬೋರ್ಡನ್ನು ಬದಲಾಯಿಸಬೇಕಾದುದಿಲ್ಲ. ಯುಎಸ್‌ಬಿ ರಂಧ್ರಕ್ಕೆ ಸಿಕ್ಕಿಸುವ ಸಣ್ಣ ಧ್ವನಿಸಾಧನವು ಅಲ್ಪ ಬೆಲೆಗೆ ದೊರೆಯುವುದು; ಅದಕ್ಕೆ ಸ್ಪೀಕರನ್ನು ಜೋಡಿಸಿದರೆ ಕೆಲಸವು ನಡೆಯುವುದು. ದೊಡ್ಡ ವೆಚ್ಚಕ್ಕೆ ಒಪ್ಪುವುದಕ್ಕೆ ಮುಂಚೆ ಇದನ್ನು ಅವಶ್ಯವಾಗಿ ವಿಚಾರಿಸಬೇಕು.

ಎಚ್ಚರಿಕೆ:— ಪೆಟ್ಟಿಗೆಯ ಹಿಂದೆ ಕೈಯಿಡುವ ಮೊದಲು ಕರೆಂಟನ್ನು ನಿಲ್ಲಿಸತಕ್ಕದ್ದು. ಗುಡುಗು ಸಿಡಿಲಿನ ಕಾಲದಲ್ಲಿ ಯಂತ್ರದ ಮತ್ತು ಸ್ಪೀಕರಿನ ಪ್ಲಗ್ಗುಗಳೆರಡನ್ನೂ ಮುಂದಾಗಿಯೇ ಕಳಚಿಡುವುದು ಉತ್ತಮ.

ಇಷ್ಟು ಮಾಡಿದಮೇಲೂ ಧ್ವನಿ ಬಾರದಿದ್ದರೆ ರಿಪೇರಿಗೆ ಕಳುಹಿಸಬಹುದು. ಆದರೆ ಯಾವ ಯಾವ ಪರೀಕ್ಷೆ ಮಾಡಿದಿರಿ, ಏನು ಕಂಡಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿರಿ. ದೋಷವಿರುವ ಸ್ಥಳವನ್ನು ತಿಳಿದ ಯಜಮಾನನಿಂದ ಇಲ್ಲದ ದೋಷಕ್ಕೆ ಹಣ ಕೇಳುವುದು ಸುಲಭವಲ್ಲ. ಗ್ರಾಮದ ಮುಖಂಡರು ಈ ಕ್ರಮವನ್ನು ನೆರೆಹೊರೆಯವರಿಗೂ ತಿಳಿಸಿಕೊಟ್ಟರೆ ಬಹು ಜನರಿಗೆ ಉಪಕಾರವಾಗುವುದು.